ಗಿಫ್ಟ್ ಕಾರ್ಡ್, ಕೂಪನ್, ಕ್ರಿಪ್ಟೊ: ನಗದಿನ ಎದುರು ಯಾವುದು ಎಷ್ಟು ಬಾಳುತ್ತದೆ?

ಪ್ರಶ್ನೆ: ನಾಪೋಕ್ಲು ಸಮೀಪ ನಮಗೆ ಸಣ್ಣ ಕಾಫಿ ತೋಟವಿದೆ, ಜೊತೆಗೆ ಒಂದು ಹೋಂಸ್ಟೇ ನಡೆಸುತ್ತೇವೆ. ಬರುವ ತಿಂಗಳು ತಂಗಿಯ ಮಗಳ ಮದುವೆ. ವರನ ಮನೆ ಪೊನ್ನಂಪೇಟೆ ಕಡೆ. ಬೆಂಗಳೂರಿನಲ್ಲಿರುವ ನನ್ನ ಮಗ, ನಗದು ಬೇಡ, ಗಿಫ್ಟ್ ಕಾರ್ಡ್ ಕೊಡೋಣ ಎನ್ನುತ್ತಿದ್ದಾನೆ. ಇದರ ಜೊತೆಗೆ ಇನ್ನೊಂದು ಯೋಚನೆಯೂ ಇದೆ. ನಮ್ಮೂರಿನ ಕೆಲವು ಹೋಂಸ್ಟೇಗಳು, ಜೇನು ಮತ್ತು ಮಸಾಲೆ ಅಂಗಡಿಗಳು ಸೇರಿ ಎಲ್ಲ ಕಡೆ ನಡೆಯುವ ಒಂದು ಕೂಪನ್ ಹೊರತಂದರೆ ಪ್ರವಾಸಿಗರ ಹಣ ಊರಿನಲ್ಲೇ ಉಳಿಯುತ್ತದಲ್ಲವೇ? ತೋಟದ ಕೆಲಸಗಾರರಿಗೂ ಸಂಬಳದ ಒಂದು ಪಾಲನ್ನು ಅದರಲ್ಲೇ ಕೊಡಬಹುದು ಎಂದು ಒಬ್ಬರು ಹೇಳಿದರು. ಕಳೆದ ಸೀಸನ್‌ನಲ್ಲಿ ಒಬ್ಬ ವಿದೇಶಿ ಅತಿಥಿ ಬಾಡಿಗೆಯನ್ನು ಬಿಟ್‌ಕಾಯಿನ್‌ನಂಥ ಕ್ರಿಪ್ಟೊದಲ್ಲಿ ಕೊಡಬಹುದೇ ಎಂದು ಕೇಳಿದ್ದರು. ಇವೆಲ್ಲ ನಗದಿಗೆ ಸಮವೇ?

ಉತ್ತರ: ಸಮವಲ್ಲ. ಆದರೆ ನೀವು ಕೇಳಿರುವ ಸಂಗತಿಗಳು ಒಂದಕ್ಕೊಂದು ತೀರ ಬೇರೆ. ಒಂದರಲ್ಲಿ ನಿಮಗಾಗುವ ನಷ್ಟ ಅಲ್ಪಸ್ವಲ್ಪ ಬಡ್ಡಿ, ಇನ್ನೊಂದರಲ್ಲಿ ಕಾನೂನಿನ ದೊಡ್ಡ ತೊಡಕು, ಮತ್ತೊಂದರಲ್ಲಿ ದುಡಿಯುವವರಿಗೆ ನೇರ ಅನ್ಯಾಯ. ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಹಣವೆಂದು ಕೈಗೆ ಬರುವ ಯಾವುದನ್ನೇ ಆಗಲಿ, ಇದನ್ನು ತೀರಿಸುವ ಹೊಣೆ ಯಾರದು ಎಂದು ಕೇಳಿ ನೋಡಬೇಕು. 500 ರೂಪಾಯಿ ನೋಟಿನ ಹೊಣೆ ರಿಸರ್ವ್ ಬ್ಯಾಂಕಿನದು. 1934ರ ಆರ್‌ಬಿಐ ಕಾಯ್ದೆಯ 26ನೆಯ ಕಲಂ ಅದಕ್ಕೆ ಕೇಂದ್ರ ಸರ್ಕಾರದ ಖಾತರಿಯನ್ನೂ ಸೇರಿಸುತ್ತದೆ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಮೀನು ಮಾರುವವರು ಆ ನೋಟನ್ನು ಪಡೆದು ಅದೇ ಸಂಜೆ ಔಷಧಿ ಅಂಗಡಿಗೆ ಕೊಡಬಹುದು, ಅಂಗಡಿಯವರು ಮರುದಿನ ಹಾಲಿನವರಿಗೆ ಕೊಡಬಹುದು. ನಡುವೆ ಯಾರೂ ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ಗಿಫ್ಟ್ ಕಾರ್ಡಿನ ಹೊಣೆ ಒಂದು ಕಂಪನಿಯದು. ಅದೂ ಹಣ ಕೊಡುವ ಹೊಣೆಯಲ್ಲ, ಸರಕು ಕೊಡುವ ಹೊಣೆ. ಸಾರಿಗೆ ಬಸ್ಸಿನಲ್ಲಿ ಚಿಲ್ಲರೆ ಇಲ್ಲದಾಗ ಕಂಡಕ್ಟರ್ ಟಿಕೆಟಿನ ಹಿಂದೆ ಬಾಕಿ ಬರೆದುಕೊಡುತ್ತಾರಲ್ಲ, ಅದಕ್ಕೆ ಖಂಡಿತ ಬೆಲೆಯಿದೆ. ಆದರೆ ಆ ಬಸ್ಸಿನಲ್ಲಿ, ಆ ಕಂಡಕ್ಟರ್ ಬಳಿ, ನೀವು ಇಳಿಯುವುದರೊಳಗೆ ಮಾತ್ರ. ಗಿಫ್ಟ್ ಕಾರ್ಡ್ ಇದೇ ಜಾತಿಗೆ ಸೇರಿದ್ದು.

ಇಲ್ಲಿ ಕಾರ್ಡ್‌ಗಳಲ್ಲೇ ಇರುವ ಒಂದು ಭೇದವನ್ನು ನಿಮ್ಮ ಮಗ ಗಮನಿಸಬೇಕು. ಒಂದು ಅಂಗಡಿ ಅಥವಾ ಒಂದು ಬ್ರ್ಯಾಂಡ್ ತನ್ನಲ್ಲಿ ಮಾತ್ರ ಬಳಸಲೆಂದು ಕೊಡುವ ಕಾರ್ಡ್ ಒಂದು ಬಗೆ. ಇದಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ, ಹಾಗೆಯೇ ಅದರ ರಕ್ಷಣೆಯೂ ಇಲ್ಲ. ಷರತ್ತುಗಳೆಲ್ಲ ಅಂಗಡಿಯವರು ಬರೆದದ್ದೇ. ಬ್ಯಾಂಕುಗಳು ಅಥವಾ ರಿಸರ್ವ್ ಬ್ಯಾಂಕಿನಿಂದ ಪರವಾನಗಿ ಪಡೆದ ಸಂಸ್ಥೆಗಳು ಕೊಡುವ, ಅನೇಕ ಅಂಗಡಿಗಳಲ್ಲಿ ನಡೆಯುವ ಕಾರ್ಡ್ ಇನ್ನೊಂದು ಬಗೆ. ಇದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ಪ್ರೀಪೇಯ್ಡ್ (ಮುಂಗಡವಾಗಿ ಹಣ ತುಂಬಿಟ್ಟ) ಸಾಧನಗಳ ನಿರ್ದೇಶನಗಳಿಗೆ ಒಳಪಡುತ್ತದೆ. ಅದರ ಪ್ರಕಾರ ಒಂದು ಗಿಫ್ಟ್ ಕಾರ್ಡಿನ ಮೊತ್ತ 10,000 ರೂಪಾಯಿ ಮೀರುವಂತಿಲ್ಲ, ಮತ್ತೆ ಹಣ ತುಂಬುವಂತಿಲ್ಲ, ಅದರಿಂದ ನಗದು ತೆಗೆಯುವಂತಿಲ್ಲ, ಇನ್ನೊಬ್ಬರಿಗೆ ಹಣ ವರ್ಗಾಯಿಸುವಂತಿಲ್ಲ. ಅವಧಿ ಕನಿಷ್ಠ ಒಂದು ವರ್ಷ ಇರಬೇಕು, ಮುಗಿಯುವ ಮುನ್ನಿನ 45 ದಿನಗಳಲ್ಲಿ ಗ್ರಾಹಕರನ್ನು ಎಚ್ಚರಿಸಬೇಕು. ಬಹಳ ಜನರಿಗೆ ತಿಳಿಯದ ಒಂದು ಅಂಶವೂ ಅದರಲ್ಲಿದೆ: ಇಂಥ ಕಾರ್ಡನ್ನು ಬ್ಯಾಂಕೇತರ ಸಂಸ್ಥೆ ಕೊಟ್ಟಿದ್ದರೆ, ಅವಧಿ ಮುಗಿದ ಮೇಲೂ ಉಳಿದ ಹಣವನ್ನು ಕೇಳುವ ಹಕ್ಕು ನಿಮಗಿದೆ, ಕೇಳಿದರೆ ಬ್ಯಾಂಕ್ ಖಾತೆಗೆ ಹಾಕಬೇಕು. ಅವಧಿ ಮುಗಿದ ಮೂರು ವರ್ಷಗಳವರೆಗೆ ಆ ಹಣವನ್ನು ಸಂಸ್ಥೆ ತನ್ನ ಲಾಭಕ್ಕೆ ಬರೆದುಕೊಳ್ಳುವಂತಿಲ್ಲ. ಬೀರುವಿನಲ್ಲಿ ಹಳೆಯ ಕಾರ್ಡ್ ಇದ್ದರೆ ಎಸೆಯಬೇಡಿ, ಲಿಖಿತವಾಗಿ ಕೇಳಿ. ಸ್ಪಂದನೆ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯವಸ್ಥೆಗೆ ದೂರು ಕೊಡಬಹುದು, ಸಹಾಯವಾಣಿ 14448. ಅಂಗಡಿಯದೇ ಕಾರ್ಡ್ ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಇನ್ನು ಬೆಲೆಯ ಮಾತು. ಕಾರ್ಡ್ ಮಾರಿದ ದಿನವೇ ಅಂಗಡಿಗೆ ಪೂರ್ತಿ ಹಣ ಸೇರುತ್ತದೆ. ಸರಕು ಮಾತ್ರ ತಿಂಗಳುಗಳ ನಂತರ ಹೋಗುತ್ತದೆ. ಅಂದರೆ ಉಡುಗೊರೆ ಪಡೆದವರು ಅಷ್ಟು ಕಾಲ ಆ ಅಂಗಡಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತೆ. ನಿಮ್ಮ ಮನೆಯ ಹಿರಿಯರಿಗೆ ಕಾಫಿ ಮಂಡಳಿಯ ಪೂಲ್ ಕಾಲ ನೆನಪಿರಬಹುದು. ಬೆಳೆಯನ್ನು ಮಂಡಳಿಗೆ ಒಪ್ಪಿಸಿ, ಕಂತುಗಳಲ್ಲಿ ಬರುವ ಹಣಕ್ಕೆ ಕಾದವರು ಅವರು. ಬರಬೇಕಾದ ಹಣಕ್ಕೂ ಕೈಯಲ್ಲಿರುವ ಹಣಕ್ಕೂ ಇರುವ ಅಂತರವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪೂಲ್‌ನ ಹಿಂದೆ ಕಾಯ್ದೆಯಿಂದ ಸ್ಥಾಪಿತವಾದ ಮಂಡಳಿಯಾದರೂ ಇತ್ತು. ಅಂಗಡಿ ದಿವಾಳಿಯಾದರೆ ಕಾರ್ಡ್ ಹಿಡಿದವರು ಯಾವ ಭದ್ರತೆಯೂ ಇಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ, ಬಹಳ ಹಿಂದೆ ನಿಲ್ಲಬೇಕಾಗುತ್ತದೆ. ಬ್ರಿಟನ್ನಿನ ಹೆಸರಾಂತ ಸಂಗೀತ ಮಳಿಗೆ ಸಮೂಹ ಎಚ್‌ಎಂವಿ 2013ರ ಜನವರಿಯಲ್ಲಿ ಕುಸಿದಾಗ ಮೊದಲು ಗಿಫ್ಟ್ ಕಾರ್ಡ್‌ಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿತು. ಜನ ರೊಚ್ಚಿಗೆದ್ದ ಮೇಲೆ ಮತ್ತೆ ಒಪ್ಪಿಕೊಂಡಿತು. ಎಲ್ಲ ಕಡೆ ಹೀಗೆ ಒಳ್ಳೆಯದಾಗುತ್ತದೆ ಎನ್ನಲಾಗದು.

ಅಂಗಡಿ ಗಟ್ಟಿಯಾಗಿದ್ದರೂ ಕಾರ್ಡಿನ ಬೆಲೆ ಸೋರುವ ದಾರಿಗಳಿವೆ. 2,000 ರೂಪಾಯಿ ಕಾರ್ಡಿನಲ್ಲಿ 1,740ರ ಸೀರೆ ಕೊಂಡರೆ ಉಳಿದ 260 ರೂಪಾಯಿ ಅಲ್ಲೇ ಕೂರುತ್ತದೆ. ಅದನ್ನು ಖರ್ಚು ಮಾಡಲು ಮತ್ತೊಮ್ಮೆ ಹೋಗಬೇಕು, ಹೋದವರು 260ಕ್ಕೆ ಸರಿಯಾಗಿ ಕೊಳ್ಳುವುದಿಲ್ಲ, ಕೈಯಿಂದ ಇನ್ನಷ್ಟು ಹಾಕುತ್ತಾರೆ. ಕೊಡಗಿನಲ್ಲಿ ಈ 'ಮತ್ತೊಮ್ಮೆ ಹೋಗುವುದು' ಸಣ್ಣ ಮಾತಲ್ಲ. ದೊಡ್ಡ ಬ್ರ್ಯಾಂಡ್‌ಗಳ ಮಳಿಗೆಗಳು ಹೆಚ್ಚಾಗಿ ಇರುವುದು ಮೈಸೂರಿನಲ್ಲಿ. ಮಡಿಕೇರಿಯಿಂದ ಅಲ್ಲಿಗೆ ಸುಮಾರು 120 ಕಿಲೋಮೀಟರ್. ಪೊನ್ನಂಪೇಟೆಯಲ್ಲಿ ಸಂಸಾರ ಹೂಡುವ ಹುಡುಗಿಗೆ ಬೆಂಗಳೂರಿನ ಮಾಲ್‌ನ ಕಾರ್ಡ್ ಕೊಟ್ಟರೆ, ಉಡುಗೊರೆಯ ಜೊತೆಗೆ ಒಂದು ಪ್ರಯಾಣದ ಖರ್ಚನ್ನೂ ಅವಳ ತಲೆಯ ಮೇಲೆ ಹೊರಿಸಿದಂತೆ. ಉಡುಗೊರೆಗಳಿಗೆ ತಗಲುವ ಬೆಲೆಗೂ ಪಡೆದವರಿಗೆ ಸಿಗುವ ತೃಪ್ತಿಗೂ ಇರುವ ಅಂತರವನ್ನು 1993ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ ಅಳೆದು ನೋಡಿದ್ದರು. ಬೆಲೆಯ ಹತ್ತರಲ್ಲೊಂದು ಭಾಗದಿಂದ ಮೂರರಲ್ಲೊಂದು ಭಾಗದವರೆಗೆ ವ್ಯರ್ಥವಾಗುತ್ತದೆ ಎಂಬುದು ಅವರ ಅಂದಾಜು. ಅದು ವಸ್ತುಗಳ ಬಗೆಗಿನ ಲೆಕ್ಕ. ಕಾರ್ಡ್ ಆ ವಸ್ತುವಿಗೂ ನಗದಿಗೂ ನಡುವೆ ಎಲ್ಲೋ ನಿಲ್ಲುತ್ತದೆ.

ಹಾಗಾದರೆ ಕಾರ್ಡ್ ಯಾವಾಗಲೂ ದಂಡವೇ? ಅಲ್ಲ. ಹುಡುಗಿ ಹೇಗೂ ಒಂದು ಆನ್‌ಲೈನ್ ಅಂಗಡಿಯಿಂದ ತಿಂಗಳು ತಿಂಗಳು ಸಾಮಾನು ತರಿಸುವವಳಾದರೆ, ಅಂಚೆ ಮತ್ತು ಕೊರಿಯರ್ ಅವಳ ಮನೆಗೆ ತಲುಪುವುದಾದರೆ, ಆ ಕಾರ್ಡ್ ಅವಳಿಗೆ ನಗದಿಗೆ ಬಹಳ ಹತ್ತಿರ. ಕೆಲವೊಮ್ಮೆ ಕಾರ್ಡ್ ರಿಯಾಯಿತಿ ದರದಲ್ಲಿ ಸಿಗುತ್ತದೆ. 10,000ದ ಕಾರ್ಡ್ 9,400ಕ್ಕೆ ಸಿಕ್ಕಿ, ಒಂದೆರಡು ತಿಂಗಳಲ್ಲಿ ಬಳಕೆಯಾಗುವುದಾದರೆ ಲಾಭವೇ. ದೂರದ ಹೊಸ ಮದುಮಕ್ಕಳಿಗೆ, ಇದನ್ನು ಮನೆಯ ಸಾಲಕ್ಕೋ ಸಂಸಾರದ ಖರ್ಚಿಗೋ ಸುರಿಯಬೇಡಿ, ನಿಮಗಾಗಿಯೇ ಏನಾದರೂ ಕೊಳ್ಳಿ ಎಂದು ಪ್ರೀತಿಯಿಂದ ಹೇಳುವ ಒಂದು ರೀತಿಯೂ ಅದು. ಆ ಭಾವನೆಯನ್ನು ನಾನು ಹಗುರವಾಗಿ ನೋಡುವುದಿಲ್ಲ.

ಆದರೂ ನಿಮ್ಮ ಮನೆಯ ಮದುವೆಗೆ ನನ್ನ ಸಲಹೆ ನಗದು, ಅಥವಾ ವಧುವಿನ ಖಾತೆಗೆ ನೇರವಾಗಿ ಹಾಕುವುದು. ಅಕ್ಕಿ ಹಾಕಿ ಹರಸಿ ಕೈಗೆ ಹಣವಿಡುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ, ಯಾರೂ ಅದನ್ನು ಕಡಿಮೆಯೆಂದು ಭಾವಿಸುವುದಿಲ್ಲ. ಮದುವೆಯ ಸಂದರ್ಭದಲ್ಲಿ ವಧೂವರರಿಗೆ ಬರುವ ಉಡುಗೊರೆಗೆ ಆದಾಯ ತೆರಿಗೆ ಇಲ್ಲ, ಕೊಟ್ಟವರು ಬಂಧುಗಳಲ್ಲದಿದ್ದರೂ ಸರಿ. ಬೇರೆ ಸಂದರ್ಭಗಳಲ್ಲಿ ಬಂಧುಗಳಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ಮೀರಿದರೆ ತೆರಿಗೆ ಬೀಳುತ್ತದೆ. ನಗದಿನಲ್ಲಿ ಒಂದು ಮಿತಿ ಮಾತ್ರ ನೆನಪಿಡಿ: ಒಬ್ಬರಿಂದ ಒಂದೇ ಸಮಾರಂಭಕ್ಕೆ ಸಂಬಂಧಿಸಿ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವುದನ್ನು 2017ರಿಂದ ಕಾನೂನು ನಿಷೇಧಿಸಿದೆ, ಮೀರಿದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ದೊಡ್ಡ ಮೊತ್ತವಿದ್ದರೆ ಬ್ಯಾಂಕಿನ ಮೂಲಕವೇ ಕೊಡಿ.

ಮಗನ ಕಿವಿಗೆ ಒಂದು ಎಚ್ಚರಿಕೆಯನ್ನೂ ಹಾಕಿ. ಮೇಲಧಿಕಾರಿಯ ಹೆಸರು, ಫೋಟೊ ಬಳಸಿ ವಾಟ್ಸ್ಆ್ಯಪ್‌ನಲ್ಲಿ, ತುರ್ತಾಗಿ ಗಿಫ್ಟ್ ಕಾರ್ಡ್ ಕೊಂಡು ಅದರ ಸಂಖ್ಯೆ ಕಳುಹಿಸು ಎಂದು ಕೇಳುವ ವಂಚನೆ ಬಹಳ ಹರಡಿದೆ. ಸಂಖ್ಯೆ ಕೈದಾಟಿದರೆ ಹಣ ಹೋದಂತೆಯೇ. ಯಾವ ಸರ್ಕಾರಿ ಕಚೇರಿಯೂ, ಪೊಲೀಸರೂ ಗಿಫ್ಟ್ ಕಾರ್ಡಿನಲ್ಲಿ ಹಣ ಕೇಳುವುದಿಲ್ಲ. ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ನಗದಿನ ಪರವಾಗಿ ಕೊಡಗಿನವರು ಹೇಳಬಹುದಾದ ಮಾತು ಇನ್ನೊಂದಿದೆ, ಅದನ್ನು ನಗರದವರು ಮರೆಯುತ್ತಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರ ಕಡೆಗಳಲ್ಲಿ ಗುಡ್ಡ ಜರಿದಾಗ ರಸ್ತೆಯಷ್ಟೇ ಕಡಿದುಹೋಗಲಿಲ್ಲ. ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಹೋದವು. ಅಂಥ ದಿನಗಳಲ್ಲಿ ಕಾರ್ಡ್ ಬರಿಯ ಪ್ಲಾಸ್ಟಿಕ್, ಫೋನಿನಲ್ಲಿರುವ ಹಣ ಕಾಣದ ಅಂಕಿ. ಭಾಗಮಂಡಲದಲ್ಲಿ ನೀರು ಏರಿ ರಸ್ತೆ ಮುಳುಗುವುದು ಮಳೆಗಾಲದ ಮಾಮೂಲು ಸಂಗತಿ. ಮಳೆಗಾಲಕ್ಕೆ ಮುನ್ನ ಅಕ್ಕಿ, ಸೌದೆ ಕೂಡಿಡುವ ಮನೆಗಳು ಎರಡು ವಾರದ ಖರ್ಚಿಗೆ ಸಾಕಾಗುವಷ್ಟು ಸಣ್ಣ ನೋಟುಗಳನ್ನೂ ಇಟ್ಟುಕೊಳ್ಳಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಹಾಗೆಂದು ನೋಟಿನಲ್ಲಿ ದೋಷವಿಲ್ಲ ಎಂದಲ್ಲ. ಕಳೆದರೆ ಹೋಯಿತು, ನೆನೆದರೆ ಹಾಳು, ಬೆಲೆಯೇರಿಕೆಯಲ್ಲಿ ಕರಗುತ್ತದೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000ದ ನೋಟುಗಳಿಗೆ ಏನಾಯಿತೆಂದು ನಾವೆಲ್ಲ ಕಂಡಿದ್ದೇವೆ. ಕಾನೂನಿನ ಬಲವಿದ್ದ ಮಾತ್ರಕ್ಕೆ ಎಲ್ಲರೂ ಒಪ್ಪುತ್ತಾರೆಂದೂ ಇಲ್ಲ. 10 ರೂಪಾಯಿಯ ನಾಣ್ಯಗಳ 14 ವಿನ್ಯಾಸಗಳೂ ಸಲ್ಲುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಸಾರಿ ಹೇಳಬೇಕಾಯಿತು, ಏಕೆಂದರೆ ಅಂಗಡಿಗಳು ಅವನ್ನು ತಿರಸ್ಕರಿಸುತ್ತಿದ್ದವು.

ಈಗ ನಿಮ್ಮ ಊರಿನ ಕೂಪನ್ ವಿಚಾರ. ಇದರ ಹಿಂದಿರುವ ಆಸೆ ನನಗೆ ಮೆಚ್ಚುಗೆಯಾಗಿದೆ. ಪ್ರವಾಸಿಗರು ಬಂದು ಹೋದ ಮೇಲೆ ಹಣವೂ ಅವರ ಬೆನ್ನಿಗೇ ಬೆಂಗಳೂರಿಗೆ ಹೋಗುವುದನ್ನು ತಡೆಯಬೇಕೆಂಬ ಯೋಚನೆ ಹಲವು ದೇಶಗಳಲ್ಲಿ ಸ್ಥಳೀಯ ಹಣವಾಗಿ ಮೂಡಿದೆ. ಆಸ್ಟ್ರಿಯಾದ ವೋರ್ಗಲ್ ಎಂಬ ಪಟ್ಟಣ 1932ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ, ತನ್ನದೇ ಚೀಟಿಗಳನ್ನು ಹೊರಡಿಸಿತು. ತಿಂಗಳಿಗೆ ಶೇಕಡ 1ರಷ್ಟು ಬೆಲೆ ಇಳಿಯುವ ಆ ಚೀಟಿಯನ್ನು ಯಾರೂ ಕೂಡಿಡಲಿಲ್ಲ, ಅದು ಕೈಯಿಂದ ಕೈಗೆ ಓಡಿತು, ರಸ್ತೆಗಳೂ ಸೇತುವೆಯೂ ಆದವು. ಪುರಸಭೆ ತೆರಿಗೆಯನ್ನು ಆ ಚೀಟಿಯಲ್ಲೇ ಪಡೆಯುತ್ತಿದ್ದುದು ಅದರ ಜೀವಾಳ. 1933ರಲ್ಲಿ ದೇಶದ ಕೇಂದ್ರ ಬ್ಯಾಂಕ್ ಅದನ್ನು ನಿಲ್ಲಿಸಿತು. ಇಂಗ್ಲೆಂಡಿನ ಬ್ರಿಸ್ಟಲ್ ಪೌಂಡ್ 2012ರಲ್ಲಿ ಶುರುವಾಯಿತು, ನಗರದ ಮೇಯರ್ ತಮ್ಮ ಸಂಬಳವನ್ನೇ ಅದರಲ್ಲಿ ಪಡೆದರು. 2021ರಲ್ಲಿ ಅದೂ ನಿಂತಿತು. ಸ್ವಿಟ್ಜರ್ಲೆಂಡಿನಲ್ಲಿ 1934ರಲ್ಲಿ ಆರಂಭವಾದ ವಿರ್ ಎಂಬ ವ್ಯಾಪಾರಿಗಳ ಪರಸ್ಪರ ಸಾಲದ ವ್ಯವಸ್ಥೆ ಹಲವು ದಶಕ ಬಾಳಿತು. ಅಲ್ಲಿ ಚಲಾವಣೆಯಾದದ್ದು ಕಾಗದದ ನೋಟಲ್ಲ, ಸದಸ್ಯರ ಲೆಕ್ಕದ ಪುಸ್ತಕ. ಭತ್ತದ ಗದ್ದೆಯ ಕೆಲಸಕ್ಕೆ ಇಂದು ನೀವು, ನಾಳೆ ನಾವು ಎಂದು ಮುಯ್ಯಾಳು ಹೋಗುವವರಿಗೆ ಇದರ ಒಳತಿರುಳು ಸುಲಭವಾಗಿ ಅರ್ಥವಾಗುತ್ತದೆ.

ಭಾರತದಲ್ಲಿ ಕಾನೂನು ಎಲ್ಲಿ ಗೆರೆ ಎಳೆದಿದೆ ಎಂಬುದನ್ನು ಸ್ಪಷ್ಟವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ತಪ್ಪು ಹೆಜ್ಜೆ ದುಬಾರಿ. ನಿಮ್ಮ ಹೋಂಸ್ಟೇಯ ವಾಸ್ತವ್ಯಕ್ಕೆ, ನಿಮ್ಮಲ್ಲೇ ಬಳಸಲು ನೀವು ಕೂಪನ್ ಮಾರಬಹುದು, ಅಡ್ಡಿಯಿಲ್ಲ. ಅದೇ ಕೂಪನ್ ಪಕ್ಕದ ಜೇನಿನ ಅಂಗಡಿಯಲ್ಲೂ, ಎದುರಿನ ಹೋಂಸ್ಟೇಯಲ್ಲೂ ನಡೆಯಿತೆಂದರೆ ಅದು ಪಾವತಿ ವ್ಯವಸ್ಥೆಯಾಗುತ್ತದೆ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ ಪ್ರಕಾರ ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದೆ ಅಂಥದ್ದನ್ನು ನಡೆಸಿದರೆ ಒಂದು ತಿಂಗಳಿನಿಂದ ಹತ್ತು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು. ಅನುಮತಿ ಕೇಳಲು ಹೊರಟರೆ, ಬ್ಯಾಂಕೇತರ ಕಂಪನಿಗೆ ಅರ್ಜಿಯ ಹೊತ್ತಿಗೆ ಕನಿಷ್ಠ 5 ಕೋಟಿ ರೂಪಾಯಿ ನಿವ್ವಳ ಸಂಪತ್ತು ಇರಬೇಕು, ಮೂರನೆಯ ಹಣಕಾಸು ವರ್ಷದ ಕೊನೆಗೆ 15 ಕೋಟಿಗೆ ಏರಬೇಕು. ಗ್ರಾಹಕರಿಂದ ಪಡೆದ ಹಣವನ್ನು ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ (ನಿಗದಿತ ಉದ್ದೇಶಕ್ಕೆ ಮಾತ್ರ ಬಳಸಬಹುದಾದ ಖಾತೆ) ಬೇರೆಯಾಗಿಯೇ ಇಡಬೇಕು. ಇದು ನಾಪೋಕ್ಲಿನ ಕೆಲವು ಹೋಂಸ್ಟೇಗಳ ಅಳತೆಯ ಕೆಲಸವಲ್ಲ. ತಂದವನಿಗೆ ಕೇಳಿದೊಡನೆ ಹಣ ಕೊಡುತ್ತೇವೆ ಎಂದು ಬರೆದ ಚೀಟಿಯನ್ನು ಖಾಸಗಿಯವರು ಹೊರಡಿಸುವುದಕ್ಕಂತೂ ಆರ್‌ಬಿಐ ಕಾಯ್ದೆಯ 31ನೆಯ ಕಲಂ ಪೂರ್ತಿ ತಡೆಯೊಡ್ಡುತ್ತದೆ.

ನಿಮ್ಮ ಉದ್ದೇಶ ಈಡೇರಲು ನೇರವಾದ ದಾರಿಯೇ ಇದೆ. ನೀವು ಅತಿಥಿಗೆ ಎರಡು ದಿನದ ವಾಸ್ತವ್ಯ, ಪಕ್ಕದವರ ಒಂದು ಬಾಟಲಿ ಜೇನು, ಎದುರು ತೋಟದ ಕಾಳುಮೆಣಸು ಸೇರಿಸಿ ಒಂದೇ ಬೆಲೆಗೆ ಮಾರಿ. ಜೇನಿನವರಿಗೂ ಮೆಣಸಿನವರಿಗೂ ನೀವೇ ರೂಪಾಯಿಯಲ್ಲಿ ಪಾವತಿ ಮಾಡಿ. ಹಣ ಊರಿನಲ್ಲೇ ಸುತ್ತುತ್ತದೆ, ಯಾರೂ ಹೊಸ ನಾಣ್ಯ ಹುಟ್ಟಿಸಿದಂತಾಗುವುದಿಲ್ಲ. ನಿಮ್ಮದೇ ಕೂಪನ್ ಮಾರುವುದಾದರೆ ಅದರ ಹಣವನ್ನು ಬೇರೆ ಖಾತೆಯಲ್ಲಿಡಿ; ಅತಿಥಿ ಬರುವವರೆಗೆ ಅದು ನಿಮ್ಮ ಆದಾಯವಲ್ಲ, ನಿಮ್ಮ ತಲೆಯ ಮೇಲಿನ ಸಾಲ. ಅವಧಿಯನ್ನು ಧಾರಾಳವಾಗಿ ಎರಡು ವರ್ಷ ಕೊಡಿ. ಗುಡ್ಡ ಜರಿದು ರಸ್ತೆ ಮುಚ್ಚಿದರೆ, ಜಿಲ್ಲಾಡಳಿತ ಪ್ರವಾಸಿಗರನ್ನು ತಡೆದರೆ ಹಣ ಹಿಂದಿರುಗಿಸುತ್ತೇವೆ ಎಂದು ಕೂಪನ್ ಮೇಲೆಯೇ ಬರೆಯಿರಿ.

ಕೆಲಸಗಾರರ ಸಂಬಳವನ್ನು ಕೂಪನ್‌ನಲ್ಲಿ ಕೊಡುವ ಸಲಹೆಯನ್ನು ದಯವಿಟ್ಟು ಇಂದೇ ಕೈಬಿಡಿ. ಅದು ಕಾನೂನುಬಾಹಿರ. ವೇತನವನ್ನು ಚಲಾವಣೆಯ ನಾಣ್ಯ, ನೋಟು, ಚೆಕ್ ಅಥವಾ ಬ್ಯಾಂಕ್ ಖಾತೆಯ ಮೂಲಕವೇ ಕೊಡಬೇಕೆಂದು 1936ರ ವೇತನ ಪಾವತಿ ಕಾಯ್ದೆ ಹೇಳಿತ್ತು, 2019ರ ವೇತನ ಸಂಹಿತೆಯೂ ಅದೇ ತತ್ವವನ್ನು ಉಳಿಸಿಕೊಂಡಿದೆ. ಬ್ರಿಟನ್ 1831ರಲ್ಲೇ ಸರಕಿನ ರೂಪದ ಕೂಲಿಯನ್ನು ನಿಷೇಧಿಸಿತು. ಮಾಲೀಕನ ಚೀಟಿ ಮಾಲೀಕನ ಅಂಗಡಿಯಲ್ಲಷ್ಟೇ ನಡೆಯುವಾಗ ಬೆಲೆ ಹೇಳುವವನೂ ಅವನೇ, ಸಾಲ ಬರೆಯುವವನೂ ಅವನೇ ಆಗುತ್ತಾನೆ. ಕೊಡಗಿನಲ್ಲಿ ಈ ಮಾತು ಬರಿಯ ತತ್ವವಲ್ಲ. ಯರವ, ಕುರುಬ ಕುಟುಂಬಗಳು ತಲೆಮಾರುಗಟ್ಟಲೆ ಮಾಲೀಕರ ಸಾಲದಲ್ಲಿ ಸಿಲುಕಿ ಲೈನ್ ಮನೆಗಳಿಂದ (ತೋಟದ ಕೆಲಸಗಾರರ ಸಾಲು ಮನೆಗಳು) ಹೊರಬರಲಾಗದೆ ನರಳಿದ ಜಿಲ್ಲೆ ಇದು. 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆ ಬಂದದ್ದು ಇಂಥ ಬದುಕುಗಳಿಗಾಗಿಯೇ. ದುಡಿದ ಕೈಗೆ ತನಗಿಷ್ಟ ಬಂದ ಅಂಗಡಿಗೆ ಹೋಗುವ ಸ್ವಾತಂತ್ರ್ಯ ಬೇಕು, ಊರಿಗೆ ಹಣ ಕಳುಹಿಸುವ ಸ್ವಾತಂತ್ರ್ಯ ಬೇಕು. ಹಬ್ಬಕ್ಕೆ ಸಂಬಳದ ಮೇಲೆ ಪ್ರತ್ಯೇಕವಾಗಿ ಬಟ್ಟೆಯನ್ನೋ ಅಕ್ಕಿಯನ್ನೋ ಕೊಡುವುದು ಬೇರೆ ಮಾತು, ಅದು ಸಂತೋಷ. ಸಂಬಳದಿಂದ ಮುರಿದುಕೊಂಡು ಕೊಡುವುದು ಉಡುಗೊರೆಯಲ್ಲ.

ಕ್ರಿಪ್ಟೊದ ಬಗ್ಗೆ ಚುಟುಕಾಗಿ ಹೇಳಬಹುದು. ಅದನ್ನು ಹೊಂದುವುದು ಭಾರತದಲ್ಲಿ ಅಪರಾಧವಲ್ಲ. ಬ್ಯಾಂಕುಗಳು ಆ ವ್ಯವಹಾರಕ್ಕೆ ಸೇವೆ ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ 2018ರ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಪಡಿಸಿತು. ಆದರೆ ಅದು ಕಾನೂನು ಒಪ್ಪಿದ ಹಣವಲ್ಲ, ಯಾರೂ ಅದನ್ನು ಸ್ವೀಕರಿಸಬೇಕೆಂಬ ಕಟ್ಟಳೆಯಿಲ್ಲ, ಅದನ್ನು ತೀರಿಸುವ ಹೊಣೆ ಹೊತ್ತವರೂ ಇಲ್ಲ. 2022ರ ಏಪ್ರಿಲ್‌ನಿಂದ ಅದರ ಲಾಭದ ಮೇಲೆ ಶೇಕಡ 30 ತೆರಿಗೆಯಿದೆ. ಒಂದರಲ್ಲಾದ ನಷ್ಟವನ್ನು ಬೇರೆ ಯಾವುದರ ಲಾಭದಲ್ಲೂ ಕಳೆಯಲು ಬಿಡುವುದಿಲ್ಲ. ಅದೇ ವರ್ಷದ ಜೂನ್‌ನಲ್ಲಿ ತೆರಿಗೆ ಇಲಾಖೆ ಗಿಫ್ಟ್ ಕಾರ್ಡ್, ವೋಚರ್ ಮತ್ತು ರಿವಾರ್ಡ್ ಅಂಕಗಳನ್ನು ಈ ತೆರಿಗೆಯಿಂದ ಹೊರಗಿಟ್ಟಿತು, ಆದ್ದರಿಂದ ಎರಡನ್ನೂ ಒಂದೇ ಎಂದು ಭಾವಿಸುವುದು ಬೇಡ. 2021ರ ನವೆಂಬರ್‌ನಲ್ಲಿ 68,000 ಡಾಲರ್ ದಾಟಿದ್ದ ಬಿಟ್‌ಕಾಯಿನ್ ಮರುವರ್ಷ ಅದೇ ತಿಂಗಳಲ್ಲಿ 16,000ಕ್ಕೂ ಕೆಳಗಿಳಿದಿತ್ತು. ಕಾಫಿ ದರದ ಏರಿಳಿತವನ್ನು ಹೊತ್ತಿರುವ ನಿಮ್ಮ ಹೆಗಲಿಗೆ ಇನ್ನೊಂದು ಏಕೆ? ರಿಸರ್ವ್ ಬ್ಯಾಂಕ್ 2022ರ ಡಿಸೆಂಬರ್ 1ರಂದು ಪ್ರಾಯೋಗಿಕವಾಗಿ ತಂದ ಇ-ರೂಪಾಯಿ ಇದಕ್ಕಿಂತ ತೀರ ಬೇರೆ. ಅದು ನೋಟಿನ ಡಿಜಿಟಲ್ ರೂಪ, ಅದರ ಹೊಣೆ ರಿಸರ್ವ್ ಬ್ಯಾಂಕಿನದೇ, ಅತಿಥಿ ಅದರಲ್ಲಿ ಕೊಟ್ಟರೆ ನಿಸ್ಸಂಕೋಚವಾಗಿ ಪಡೆಯಬಹುದು.

ಆ ವಿದೇಶಿ ಅತಿಥಿ ಮತ್ತೆ ಬರುವುದಾದರೆ, ಬುಕಿಂಗ್ ಸಮಯದಲ್ಲೇ ರೂಪಾಯಿಯ ದರ ತಿಳಿಸಿ, ತಮ್ಮ ದೇಶದ ಕ್ರೆಡಿಟ್ ಕಾರ್ಡಿನಿಂದ ಮುಂಗಡ ಕಟ್ಟಲು ಹೇಳಿ. ವಿದೇಶಿ ಪ್ರವಾಸಿಗರು ಪ್ರೀಪೇಯ್ಡ್ ವಾಲೆಟ್ ಮೂಲಕ ಯುಪಿಐ ಬಳಸುವ ಸೌಲಭ್ಯವೂ 2023ರಲ್ಲಿ ಶುರುವಾಗಿದೆ. ದೇಶಕ್ಕೆ ಬಂದಿಳಿದಾಗಲೇ ಮಾಡಿಸಿಕೊಂಡರೆ ನಿಮ್ಮ ಜಗಲಿಯ ಮೇಲಿನ ಕ್ಯುಆರ್ ಕೋಡಿಗೇ ಹಣ ಹಾಕಬಹುದು, ನೆಟ್‌ವರ್ಕ್ ಇದ್ದರೆ. ಇಲ್ಲದ ದಿನಕ್ಕೆ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಎಟಿಎಂನಿಂದ ನಗದು ತೆಗೆದುಕೊಂಡೇ ಬರಲು ಮುಂಚಿತವಾಗಿ ತಿಳಿಸಿಬಿಡಿ.